ಮುಡಿ ಕೊಟ್ಟ ನಂತರ ನೆತ್ತಿ ಒಣಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಕಳೆದ ವಾರ ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಮುಡಿ ಕೊಟ್ಟು, ನೆತ್ತಿಗೆ ಗಂಧ ಹಚ್ಚಿಕೊಂಡು ಕಲಬುರಗಿಗೆ ಮರಳಿದೆ. ಮೂರನೆಯ ದಿನದಿಂದ ನೆತ್ತಿ ಬಿಗಿದುಕೊಂಡು ಬಿಳಿ ಹೊಟ್ಟು ಏಳುತ್ತಿದೆ. ದಿನವೂ ಮೈಸೋಪಿನಿಂದಲೇ ತಲೆ ತೊಳೆಯುತ್ತೇನೆ. ನನ್ನ ಕೂದಲು ಮೊದಲಿನಿಂದಲೂ ಒರಟು. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಅದು ನಿಜವೇ?

ಉತ್ತರ 1: ಮೊದಲು ಆ ಸೋಪನ್ನು ಬಿಡಿ. ಸಾಮಾನ್ಯ ಸೋಪು ಕ್ಷಾರೀಯವಾದ್ದರಿಂದ ಚರ್ಮದ ಸಹಜ ಜಿಡ್ಡನ್ನು ತೊಳೆದುಹಾಕುತ್ತದೆ. ಅದರ ಜೊತೆಗೆ ಸುಡುನೀರೂ ಸೇರಿದರೆ, ಕೂದಲಿನ ಮರೆಯಿಲ್ಲದೆ ಗಾಳಿಗೆ ತೆರೆದುಕೊಂಡಿರುವ ನೆತ್ತಿ ಇನ್ನಷ್ಟು ಬೇಗ ಒಣಗುತ್ತದೆ. ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಶಾಂಪೂ ಸಾಕು. ತಲೆಯನ್ನು ಒತ್ತಿ ಒರೆಸಿ, ಪಸೆ ಆರುವ ಮುನ್ನವೇ ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ. ನಿಮ್ಮೂರಿನ ಬಿಸಿಲನ್ನು ಬಲ್ಲವನಾಗಿ ಹೇಳುತ್ತೇನೆ, ಟೋಪಿಯಿಲ್ಲದೆ ಹೊರಗೆ ಹೋಗಬೇಡಿ; ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಕೂಡ ಇರಲಿ.

ಉತ್ತರ 2: ಅತ್ತೆಯವರ ಮಾತನ್ನು ಅಲ್ಲಗಳೆಯಬೇಕಾಗಿದೆ, ಕ್ಷಮಿಸಿ. ಕೂದಲಿನ ದಪ್ಪವನ್ನು ನಿರ್ಧರಿಸುವುದು ಚರ್ಮದೊಳಗಿನ ಬುಡ; ಕತ್ತಿ ಅಲ್ಲಿಗೆ ತಲುಪುವುದೇ ಇಲ್ಲ. ಚೂಪಾದ ತುದಿ ಹೋಗಿ ಮೊಂಡು ತುದಿ ಮೇಲೆ ಬರುವುದರಿಂದ ಕೈಗೆ ದಟ್ಟವೆನಿಸುತ್ತದೆ, ಅಷ್ಟೆ. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ.

ಉತ್ತರ 3: ಒಂದು ಎಚ್ಚರಿಕೆ. ಹೊಟ್ಟು ಹಳದಿಯಾಗಿ, ಜಿಡ್ಡಾಗಿ, ತುರಿಕೆಯೊಡನೆ ಬಂದರೆ ಅದು ಬರಿಯ ಒಣಚರ್ಮವಲ್ಲದಿರಬಹುದು. ಆಗ ಕೊಬ್ಬರಿ ಎಣ್ಣೆ ಸುರಿಯುವುದಕ್ಕಿಂತ ಚರ್ಮವೈದ್ಯರಿಗೆ ತೋರಿಸುವುದು ಒಳ್ಳೆಯದು. ಅಂಥ ಹೊಟ್ಟಿಗೆ ಅವರು ಸಾಮಾನ್ಯವಾಗಿ ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿಯಿರುವ ಶಾಂಪೂ ಬರೆದುಕೊಡುತ್ತಾರೆ.