ಮಕ್ಕಳನ್ನು ಕಳಿಸುವ ಮಾತು: ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ

ಗಂಗಾವತಿ ಕಾಕಾ (ಹಲವು ಬಾರಿ ಫಾರ್ವರ್ಡ್ ಆದದ್ದು): ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದಾಗ ಪಾಲಿಸಬೇಕಾದ ನಿಯಮಗಳು. ಚಿಕಿತ್ಸೆ ಮುಗಿಯುವವರೆಗೆ ಮಕ್ಕಳನ್ನು ಬೇರೆ ಊರಿಗೆ ಕಳಿಸಿರಿ. ಕಾಯಿಲೆಯ ಹೆಸರು ಅವರ ಕಿವಿಗೆ ಬೀಳದಿರಲಿ. ರೋಗಿಯ ತಟ್ಟೆ, ಲೋಟ ಬೇರೆ ಇಡಿರಿ. ಸಕ್ಕರೆಯನ್ನು ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಲಕ್ಷ್ಮಣಫಲದ ಎಲೆಯ ಕಷಾಯ ಕೊಡಿರಿ. ಗಂಡನಾದವನು ಹೆಂಡತಿಯ ಬಳಿಯಿಂದ ಕದಲಬಾರದು, ಅವಳೆದುರು ಕಣ್ಣೀರು ಹಾಕಬಾರದು. ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿರಿ.

ಗಂಗಾವತಿ ಕಾಕಾ: ಇದನ್ನು ನಮ್ಮ ಕೊಪ್ಪಳದ ಸೊಸೆಗೆ ಕ್ಯಾನ್ಸರ್ ಆಗಿರುವುದನ್ನು ನೆನೆದೇ ಹಾಕಿದ್ದೇನೆ. ಯಾರೂ ತಪ್ಪು ತಿಳಿಯಬಾರದು.

ದೊಡ್ಡಪ್ಪ: ಕಷಾಯದ ವಿಷಯ ನನಗೆ ತಿಳಿಯದು. ಮಕ್ಕಳ ಮಾತು ಮಾತ್ರ ಸರಿಯಾಗಿದೆ, ಅದನ್ನು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಕೊಟ್ಟವರ ರಕ್ತದಲ್ಲಿ ಸೋಂಕು ತಡೆಯುವ ಬಿಳಿ ಕಣ ಇಳಿಯುತ್ತದೆ ಎಂದು ವೈದ್ಯರೇ ಹೇಳಿದ್ದಾರೆ, ಹುಡುಗನೋ ದಿನಾಲು ಶಾಲೆಯಿಂದ ನೆಗಡಿ, ಕೆಮ್ಮು ಹೊತ್ತು ಬರುವ ವಯಸ್ಸಿನವನು. ಅವನನ್ನು ಸಿಂಧನೂರಿನಲ್ಲಿ ಅವನ ಅಜ್ಜಿಯ ಹತ್ತಿರ ಬಿಟ್ಟರೆ ನಿನಗೂ ಸ್ವಲ್ಪ ಉಸಿರಾಡಲು ಆಗುತ್ತದೆ, ಸೊಸೆಗೂ ಸುರಕ್ಷಿತ. ಇದರಲ್ಲಿ ತಪ್ಪೇನಿದೆ, ಹೇಳಪ್ಪ.

ನಾನು: ದೊಡ್ಡಪ್ಪ, ನೆಗಡಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೀಮೋ ಕೊಟ್ಟ ಮೇಲೆ ಎರಡನೆಯ ವಾರದ ಹೊತ್ತಿಗೆ ಬಿಳಿ ಕಣ ತೀರ ಕೆಳಗೆ ಹೋಗುತ್ತದೆ. ಆ ದಿನಗಳಲ್ಲಿ ಹುಡುಗ ಮನೆಗೆ ಬಂದ ಕೂಡಲೇ ಕೈಕಾಲು ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಅವ್ವನ ಕೋಣೆಗೆ ಹೋಗಬೇಕು, ಅವನಿಗೆ ಮೂಗು ಸುರಿಯುತ್ತಿದ್ದರೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಲಗಬೇಕು ಎಂದು ಗೊತ್ತುಮಾಡಿದ್ದೇವೆ. ಅಷ್ಟಕ್ಕೆ ವರ್ಷದ ಮಧ್ಯದಲ್ಲಿ ಊರು, ಶಾಲೆ, ಗೆಳೆಯರು, ಅವ್ವ, ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಇನ್ನು ಅವರಿಗೆ ಹೇಳಬಾರದು ಎನ್ನುವ ಮಾತು. ಮೊದಲ ಕೀಮೋಗಳಲ್ಲಿ ಕೊಡುತ್ತಿದ್ದ ಔಷಧಿ ನೋಡಲು ಕೆಂಪಾಗಿರುತ್ತದೆ, ಅದನ್ನು ಏರಿಸಿದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಾಗಿಯೇ ಹೋಗುತ್ತದೆ. ಒಂದೇ ಬಚ್ಚಲು ಇರುವ ಮನೆಯಲ್ಲಿ ಇದನ್ನು ಎಷ್ಟು ದಿನ ಮುಚ್ಚಿಡಲು ಸಾಧ್ಯ? ಮೊದಲೇ ಹೇಳಿದ್ದರಿಂದ ಹುಡುಗ ನೋಡಿ, “ಔಷಧಿ ಹೊರಗೆ ಬರುತ್ತಿದೆ, ಎರಡು ಸಲ ನೀರು ಹಾಕಬೇಕಲ್ಲವೇ” ಎಂದು ತಾನೇ ಬಕೆಟ್ ಎತ್ತಿದ. ಹೇಳದೇ ಇದ್ದಿದ್ದರೆ ಅವ್ವನಿಗೆ ರಕ್ತ ಹೋಗುತ್ತಿದೆ ಎಂದು ತಿಳಿದು ಯಾರಿಗೂ ಹೇಳದೆ ಒಳಗೊಳಗೇ ಹೆದರುತ್ತಿದ್ದ.

ಬಳ್ಳಾರಿ ತಂಗಿ: ಅಣ್ಣ ಹೇಳಿದ್ದು ಸರಿಯಾಗಿದೆ. ಕೀಮೋ ಆದ ಮೇಲೆ ಎರಡು ದಿನ ಬಚ್ಚಲಿಗೆ ಎರಡು ಸಲ ನೀರು ಹಾಕಬೇಕು, ವಾಂತಿ ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಅದರಾಚೆಗೆ ತಟ್ಟೆ, ಲೋಟ ಬೇರೆ ಇಡಬೇಕಾದ ಕಾರಣವೇ ಇಲ್ಲ, ಏಕೆಂದರೆ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ. ಕಾಕಾ, ಬೇಸರ ಮಾಡಿಕೊಳ್ಳಬೇಡಿರಿ, ಮನೆಯವರೇ ತಟ್ಟೆ ಬೇರೆ ಮಾಡಿದರೆ ಓಣಿಯವರು ಬಾಗಿಲಿಗೆ ಬರುವುದನ್ನೂ ಬಿಡುತ್ತಾರೆ. ಎಲೆಯ ಕಷಾಯವನ್ನಂತೂ ಚಿಕಿತ್ಸೆ ಮಾಡುವ ವೈದ್ಯರನ್ನು ಕೇಳದೆ ಒಂದು ಚಮಚವೂ ಕೊಡಬಾರದು. ಕೀಮೋ ನಡೆಯುವಾಗ ಪಿತ್ತಜನಕಾಂಗಕ್ಕೂ ಮೂತ್ರಪಿಂಡಕ್ಕೂ ಆಗಲೇ ಸಾಕಷ್ಟು ಹೊರೆ ಇರುತ್ತದೆ.

ಎಲ್ಲರೂ ನೆನಪಿಡಬೇಕಾದ ಮುಖ್ಯ ಮಾತು ಈ ಸಂದೇಶದಲ್ಲಿ ಬಂದೇ ಇಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಮನೆಯಲ್ಲೇ ಮಾತ್ರೆ ನುಂಗಿಸಿ ಬೆಳಗಿನ ತನಕ ಕಾಯಬಾರದು. ಮಾತ್ರೆ ಜ್ವರವನ್ನು ಇಳಿಸುತ್ತದೆ, ಒಳಗಿನ ಸೋಂಕು ಹಾಗೆಯೇ ಬೆಳೆಯುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಬೇಕು.

ಸಿಂಧನೂರು ಅತ್ತೆ: ಸಕ್ಕರೆ ಬಿಡಿಸಬೇಕು ಎಂದು ನನಗೂ ಯಾರೋ ಹೇಳಿದರು. ಕಳೆದ ಸಲ ಬಂದಾಗ ಸೊಸೆಗೆ ಬಾಯಿಹುಣ್ಣಾಗಿ ಜೋಳದ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ, ಗುರೆಳ್ಳು ಚಟ್ನಿ ನಾಲಿಗೆಗೆ ತಾಗಿದರೆ ಉರಿ. ರೊಟ್ಟಿಯನ್ನು ಮುರಿದು ಬಿಸಿಹಾಲಿನಲ್ಲಿ ನೆನೆಸಿ, ಬೆಲ್ಲ ಹಾಕಿ ಕೊಟ್ಟೆ. ಆ ದಿನ ಅವಳ ಹೊಟ್ಟೆಗೆ ಹೋಗಿದ್ದು ಅದೊಂದೇ. ಬೆಲ್ಲವನ್ನೂ ತೆಗೆದಿದ್ದರೆ ಅದೂ ಹೋಗುತ್ತಿರಲಿಲ್ಲ.

ಬಳ್ಳಾರಿ ತಂಗಿ: ನೀವು ಮಾಡಿದ್ದು ಒಳ್ಳೆಯದೇ, ಅತ್ತೆ. ಮಧುಮೇಹ ಇಲ್ಲದವರಿಗೆ ಈ ಹೊತ್ತಿನಲ್ಲಿ ತೂಕ ಇಳಿಯದಂತೆ ನೋಡಿಕೊಳ್ಳುವುದೇ ದೊಡ್ಡದು. ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಹಾಲು, ಏನು ಸೇರುತ್ತದೆಯೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ದೊಡ್ಡಪ್ಪ: ಊಟದ ಮಾತು ಅಲ್ಲಿಗೆ ಬಿಡೋಣ. ನನಗೆ ಇನ್ನೊಂದು ಸುದ್ದಿ ಬಂದಿದೆ. ಮುಂದೆ ವಿಕಿರಣ ಚಿಕಿತ್ಸೆಗೆಂದು ಸೊಸೆ ಬೆಂಗಳೂರಿನಲ್ಲಿ ವಾರಗಟ್ಟಲೆ ಇರುವಾಗ ನೀನು ಜೊತೆಗೆ ಹೋಗುವುದಿಲ್ಲವಂತೆ, ಅತ್ತೆಯನ್ನು ಕಳಿಸುತ್ತೀಯಂತೆ. ಇದು ನಿಜವೇ? ಕಟ್ಟಿಕೊಂಡ ಹೆಂಡತಿ ಇಂಥ ಕಾಯಿಲೆಯಲ್ಲಿ ಇರುವಾಗ ಗಂಡ ಕೊಪ್ಪಳದಲ್ಲಿ ಅಕ್ಕಿ ಗಿರಣಿಯ ಲೆಕ್ಕ ಬರೆಯುತ್ತಾ ಕುಳಿತರೆ ನಾಲ್ಕು ಜನ ಏನೆಂದಾರು?

ನಾನು: ನಿಜ, ದೊಡ್ಡಪ್ಪ. ಶಸ್ತ್ರಚಿಕಿತ್ಸೆಗೆ ನಾನೇ ಇದ್ದೆ, ಪ್ರತಿ ಕೀಮೋಗೂ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ನಾನೇ ಕರೆದುಕೊಂಡು ಹೋಗಿ ಬಂದಿದ್ದೇನೆ. ವಿಕಿರಣ ಚಿಕಿತ್ಸೆಯ ಕ್ರಮವೇ ಬೇರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಒಂದೊಂದು ದಿನವೂ ಯಂತ್ರದ ಕೆಳಗೆ ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಸರದಿಗೆ ಕಾಯುವುದು, ವಿಶ್ರಾಂತಿ ತೆಗೆದುಕೊಳ್ಳುವುದು. ಆ ವಾರಗಳಲ್ಲೇ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರುತ್ತದೆ. ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಹೌದು. ಆದರೆ ಗಿರಣಿಯಲ್ಲಿ ನಾನು ಕಳೆದುಕೊಳ್ಳುವ ಸಂಬಳವನ್ನು ಯಾವ ಕಾರ್ಡೂ ಕೊಡುವುದಿಲ್ಲ, ಮನೆ ಬಾಡಿಗೆಯ ದಿನವೂ ಮುಂದೆ ಹೋಗುವುದಿಲ್ಲ.

ಗಂಗಾವತಿ ಕಾಕಾ: ಹಣದ ಮಾತಾದರೆ ನಾವೆಲ್ಲ ಇದ್ದೇವಲ್ಲ. ಆದರೂ ಗಂಡ ಪಕ್ಕದಲ್ಲಿ ಇದ್ದರೆ ಬರುವ ಧೈರ್ಯವನ್ನು ಬೇರೆ ಯಾರೂ ಕೊಡಲಾರರು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಮನೆಯವರು (ನನ್ನ ಹೆಂಡತಿ): ಮಾವ, ದೊಡ್ಡಮಾವ, ಇಬ್ಬರಿಗೂ ನಮಸ್ಕಾರ. ಅತ್ತೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ್ದು ನಾನು, ಅವರಲ್ಲ. ಅವರು ಬರುತ್ತೇನೆಂದು ಹಟ ಹಿಡಿದಿದ್ದರು, ಆ ವಿಷಯಕ್ಕೆ ಮನೆಯಲ್ಲಿ ಸಾಕಷ್ಟು ಜಗಳವೂ ಆಗಿದೆ. ಕೀಮೋ ಕೋಣೆಯಲ್ಲಿ ಅವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಸಲೈನ್ ಹನಿಯುವುದನ್ನು ಎಣಿಸುತ್ತಿದ್ದರೆ, ನಾನು ಹುಡುಗಿ ಊಟ ಮಾಡಿದಳೋ ಇಲ್ಲವೋ ಎಂದು ಎಣಿಸುತ್ತಿರುತ್ತೇನೆ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಇಬ್ಬರೂ ಕುಳಿತು ಮಕ್ಕಳ ಚಿಂತೆ ಮಾಡುವುದಕ್ಕಿಂತ ಒಬ್ಬರು ಮಕ್ಕಳ ಹತ್ತಿರ ಇದ್ದರೆ ನನಗೆ ನಿದ್ದೆ ಬರುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಅವಳಿಗೆ ಜಡೆ ಹೆಣೆಯಲು ಇವರಿಗೆ ಬರುವುದಿಲ್ಲ, ಅದನ್ನು ಈಗಿನಿಂದಲೇ ಕಲಿಸುತ್ತಿದ್ದೇನೆ. ನನ್ನ ತಲೆಯಲ್ಲಿ ಕೂದಲಿಲ್ಲ, ಆದ್ದರಿಂದ ಅಭ್ಯಾಸವೆಲ್ಲ ಅವಳ ಮೇಲೆಯೇ.

ದೊಡ್ಡಪ್ಪ: ನೀನೇ ಹೇಳಿದ ಮೇಲೆ ಆ ಮಾತಿಗೆ ನಾನು ಎದುರಾಡುವುದಿಲ್ಲ, ತಾಯಿ. ಮಕ್ಕಳಿಗೆ ಎಲ್ಲವನ್ನೂ ಹೇಳುವುದನ್ನು ಮಾತ್ರ ಈಗಲೂ ಒಪ್ಪಲಾರೆ. ಹತ್ತನೆಯ ತರಗತಿಯ ಹುಡುಗಿಯ ತಲೆಯಲ್ಲಿ ಕ್ಯಾನ್ಸರ್ ಎಂಬ ಮಾತು ಕುಳಿತಿರುವಾಗ ಗಣಿತ ಹೇಗೆ ಕುಳಿತೀತು?

ನಮ್ಮ ಮನೆಯವರು: ದೊಡ್ಡಮಾವ, ಆ ಮಾತನ್ನು ಅವಳು ನಮ್ಮ ಬಾಯಿಂದ ಕೇಳುವ ಮುಂಚೆಯೇ ಫೈಲಿನ ಮೇಲೆ ಓದಿ, ಫೋನಿನಲ್ಲಿ ಹುಡುಕಿದ್ದಳು. ನಾವು ಹೇಳಿದ ಮೇಲೆ ಹುಡುಕುವುದನ್ನು ಬಿಟ್ಟು ನನ್ನನ್ನೇ ಕೇಳುತ್ತಾಳೆ.

ಗಂಗಾವತಿ ಕಾಕಾ: ಆಯಿತು. ಹಾಗಾದರೆ ನಮ್ಮಿಂದ ಏನಾಗಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಸುಮ್ಮನೆ ಸಂದೇಶ ಕಳಿಸುವುದು ನನಗೂ ಸಾಕಾಗಿದೆ.

ನಾನು: ಕಾಕಾ, ಕೇಳಿದ್ದಕ್ಕೆ ಸಂಕೋಚವಿಲ್ಲದೆ ಹೇಳುತ್ತೇನೆ. ಮುಂದಿನ ಕೀಮೋ ಆದ ಮೇಲೆ ಎರಡನೆಯ ವಾರ ರಾತ್ರಿ ಹೊತ್ತು ಮನೆಯಲ್ಲಿ ಇನ್ನೊಬ್ಬರು ಬೇಕು. ಜ್ವರ ಬಂದು ನಾನು ಇವಳನ್ನು ಆಸ್ಪತ್ರೆಗೆ ಒಯ್ದರೆ ಮಕ್ಕಳ ಜೊತೆಗೆ ಯಾರಾದರೂ ಇರಬೇಕು. ಬೈಕ್ ಮೇಲೆ ಕೂರಿಸಿಕೊಂಡು ಹೋಗುವ ಸ್ಥಿತಿ ಅದಲ್ಲ, ಆದ್ದರಿಂದ ನಿಮ್ಮ ಕಾರು ಆ ವಾರ ನಮ್ಮ ಓಣಿಯಲ್ಲಿ ನಿಂತರೆ ಬಹಳ ಉಪಕಾರ. ಅತ್ತೆಗೆ ರೈಲಿನ ವಿಷಯ: ಆಸ್ಪತ್ರೆಯವರು ರಿಯಾಯಿತಿ ಪತ್ರಕ್ಕೆ ಸಹಿ, ಮೊಹರು ಹಾಕಿಕೊಟ್ಟರೆ ಸ್ಲೀಪರಿನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ ಸಿಗುತ್ತದೆ. ಪತ್ರವನ್ನು ನಿಲ್ದಾಣದ ಕೌಂಟರಿನಲ್ಲಿ ತೋರಿಸಬೇಕು.

ಗಂಗಾವತಿ ಕಾಕಾ: ಕಾರು ಮತ್ತು ನಾನು ಇಬ್ಬರೂ ಬರುತ್ತೇವೆ. ಕೀಮೋ ತಾರೀಖು ಗೊತ್ತಾದ ದಿನವೇ ತಿಳಿಸು.

ದೊಡ್ಡಪ್ಪ: ಮೊದಲು ಆ ಲಕ್ಷ್ಮಣಫಲದ ಸಂದೇಶವನ್ನು ಅಳಿಸಪ್ಪ. ನಮ್ಮ ತಂಗಿಯ ಗುಂಪಿನಲ್ಲೂ ನೀನೇ ಹಾಕಿದ್ದೀ.