ಅಪ್‌ಡೇಟ್: ಚಾನೆಲ್ 6 ಕೊನೆಗೂ ಬಂತು

ಕಳೆದ ತಿಂಗಳು ಕೇಳಿದ್ದೆ: ಫಿಲಡೆಲ್ಫಿಯಾ ಹತ್ತಿರದ ನಮ್ಮ ಮನೆಯಲ್ಲಿ ಆಂಟೆನಾವನ್ನು ಟ್ಯೂನರ್ (ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರ್‌ಗೆ ಕೊಡುವ ಸಾಧನ) ಮೂಲಕ ಕಂಪ್ಯೂಟರ್‌ಗೆ ಜೋಡಿಸಿದ್ದೇನೆ, ಉಳಿದ ಚಾನೆಲ್‌ಗಳೆಲ್ಲ ಎಚ್‌ಡಿಯಲ್ಲಿ ಚೆನ್ನಾಗಿ ಬರುತ್ತವೆ, ಎಬಿಸಿಯ ಚಾನೆಲ್ 6 ಮಾತ್ರ ಯಾಕೆ ಚೌಕ ಚೌಕವಾಗಿ ಒಡೆಯುತ್ತದೆ ಅಂತ. ಬಗೆಹರಿಯಿತು!

ಇಷ್ಟು ದಿನ ಸುಮ್ನೆ ಕಂಪ್ಯೂಟರ್ ಮೇಲೆ ಅನುಮಾನ ಪಟ್ಟೆ. ಡ್ರೈವರ್ ಬದಲಿಸಿದೆ, ವಿಎಲ್‌ಸಿ, ಕೋಡಿ ಎಂಬ ಎರಡು ವಿಡಿಯೋ ಪ್ಲೇಯರ್‌ಗಳಲ್ಲೂ ನೋಡಿದೆ. ತೊಂದರೆ ಇದ್ದದ್ದು ಆಂಟೆನಾದಲ್ಲಿ. ಇಲ್ಲಿನ ಎಷ್ಟೋ ಚಾನೆಲ್‌ಗಳು ಪರದೆ ಮೇಲೆ ಯಾವ ನಂಬರ್ ತೋರಿಸಿದರೂ ಬರುವುದು ಯುಎಚ್‌ಎಫ್‌ನಲ್ಲಿ (ಇನ್ನೂ ಹೆಚ್ಚಿನ ಫ್ರೀಕ್ವೆನ್ಸಿಗಳಲ್ಲಿ), ಆದರೆ ಡಬ್ಲ್ಯುಪಿವಿಐ, ಅಂದರೆ ಈ ಎಬಿಸಿ ಚಾನೆಲ್, ಈಗಲೂ ನಿಜವಾಗಿಯೇ 6ರಲ್ಲಿದೆ, ಅಂದರೆ 82ರಿಂದ 88 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 3.5 ಮೀಟರ್. ನನ್ನ ಕಿಟಕಿಯ ಚಪ್ಪಟೆ ಆಂಟೆನಾ ಅದಕ್ಕೆ ತೀರಾ ಚಿಕ್ಕದು. ಜೊತೆಗೆ ಆಂಪ್ಲಿಫೈಯರ್‌ನಲ್ಲಿ ಎಫ್‌ಎಂ ರೇಡಿಯೋ ಸಿಗ್ನಲ್ ತಡೆಯುವ ಫಿಲ್ಟರ್ ಬೇರೆ ಆನ್ ಆಗಿತ್ತು. ಎಫ್‌ಎಂ 88ರಿಂದಲೇ ಶುರು ಅಲ್ವಾ, ಆ ಫಿಲ್ಟರ್ ಪಕ್ಕದ ಚಾನೆಲ್ 6ನ್ನೂ ತಿಂದುಹಾಕುತ್ತಿತ್ತು.

ಫಿಲ್ಟರ್ ಆಫ್ ಮಾಡಿದೆ. ಎಳೆದು ಉದ್ದ ಮಾಡುವ ಎರಡು ಕಡ್ಡಿಗಳ ಹಳೇ ಕಾಲದ ಆಂಟೆನಾ ತಂದು, ಎರಡೂ ಸೇರಿ ಸುಮಾರು 1.7 ಮೀಟರ್ ಬರುವಂತೆ ಬಿಡಿಸಿ, ರಾಕ್ಸ್‌ಬರೋದಲ್ಲಿರುವ ಟಿವಿ ಟವರ್‌ಗಳ ದಿಕ್ಕಿಗೆ ಅಡ್ಡಲಾಗಿ ಇಟ್ಟೆ. ಸ್ವಲ್ಪ ಬಂತು, ಆಗಾಗ ಒಡೆಯುತ್ತಿತ್ತು. ಕಂಪ್ಯೂಟರ್‌ನಿಂದ ದೂರ ಇಡಿ ಎಂದು ಒಬ್ಬರು ಹೇಳಿದ್ದರು, ಅವರಿಗೆ ತುಂಬಾ ಥ್ಯಾಂಕ್ಸ್. ಚಾನೆಲ್ 6ರ ಈ ಫ್ರೀಕ್ವೆನ್ಸಿಗಳಿಗೆ ಪವರ್ ಸಪ್ಲೈ, ಎಲ್‌ಇಡಿ ಬಲ್ಬ್‌ಗಳ ವಿದ್ಯುತ್ ಗದ್ದಲ ಜಾಸ್ತಿ ತಾಗುತ್ತದೆ. ಉದ್ದ ಕೇಬಲ್ ಹಾಕಿ ಆಚೆ ಕೋಣೆಗೆ ಸಾಗಿಸಿದೆ. ಮೂರು ದಿನದಿಂದ 720ಪಿ ಚಿತ್ರ ಒಂದು ಸಲವೂ ಒಡೆದಿಲ್ಲ, ನಿನ್ನೆ ರಾತ್ರಿ ಎರಡು ಗಂಟೆ ಕಾಲ ರೆಕಾರ್ಡ್ ಕೂಡ ಮಾಡಿದೆ.