ಒಲೆ ಹತ್ತುತ್ತಿಲ್ಲವೇ? ಇಲ್ಲಿ ಕೇಳಿ

ಸ್ಟವ್ ಮೆಕ್ಯಾನಿಕ್, ಚಿಕ್ಕಮಗಳೂರು: ಮಳೆ ಹಿಡಿದಾಗಿನಿಂದ ದಿನಾ ಒಂದೇ ಫೋನು, ಗ್ಯಾಸ್ ಒಲೆ ಹತ್ತುತ್ತಿಲ್ಲ ಅಂತ. ಇವತ್ತು ಭಾನುವಾರ, ಅಂಗಡಿ ರಜೆ, ಇಲ್ಲೇ ಉತ್ತರ ಕೊಡುತ್ತೇನೆ. ಕೇಳುವಾಗ ಮೂರು ವಿಷಯ ಬರೆಯಿರಿ. ಕಿಡಿ ಬರುತ್ತದಾ? ಬೆಂಕಿಕಡ್ಡಿ ಗೀರಿದರೆ ಹತ್ತುತ್ತದಾ? ಎಲ್ಲ ಬರ್ನರ್ ಹೀಗೇನಾ, ಒಂದೇನಾ? ಗ್ಯಾಸ್ ವಾಸನೆ ಇದ್ದವರು ಮಾತ್ರ ಇಲ್ಲಿ ಬರೆಯುತ್ತಾ ಕೂರಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಮೂಡಿಗೆರೆ ಮನೆ: ಅಣ್ಣ, ನಮ್ಮದು ನಾಬ್ ತಿರುಗಿಸಿದರೆ ತಾನೇ ಹತ್ತುವ ಸ್ಟವ್. ಬೆಳಗ್ಗೆ ಟಿಕ್ ಟಿಕ್ ಅನ್ನುತ್ತದೆ, ಹತ್ತಲ್ಲ. ಮಧ್ಯಾಹ್ನ ಸರಿ ಇರುತ್ತದೆ. ಕಡ್ಡಿ ಗೀರಿದರೆ ನಾಲ್ಕೂ ಬರ್ನರ್ ಹತ್ತುತ್ತವೆ.

ಸ್ಟವ್ ಮೆಕ್ಯಾನಿಕ್: ಕಡ್ಡಿಯಲ್ಲಿ ಹತ್ತುತ್ತದೆ ಅಂದಮೇಲೆ ಗ್ಯಾಸ್ ಸರಿಯಾಗಿ ಬರುತ್ತಿದೆ, ತೊಂದರೆ ಕಿಡಿಯದು. ಬರ್ನರ್ ಪಕ್ಕ ಬಿಳಿ ಪಿಂಗಾಣಿ ಕಡ್ಡಿ ಇದೆಯಲ್ಲ, ಅದರ ಮೇಲೆ ತೇವ ಕೂತರೆ ಕಿಡಿ ಬರ್ನರ್‌ಗೆ ಹಾರುವುದಿಲ್ಲ, ಆ ಪಸೆಯಲ್ಲೇ ಕೆಳಗೆ ಇಳಿದು ಹೋಗುತ್ತದೆ. ನಿಮ್ಮ ಕಡೆ ಈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ರಾತ್ರಿ ಒಲೆ ಒರೆಸಿದ ಮೇಲೆ, ತಣ್ಣಗಿರುವಾಗ, ಒಣ ಬಟ್ಟೆಯಲ್ಲಿ ಆ ಕಡ್ಡಿಯನ್ನೂ ಒರೆಸಿ. ಬ್ಯಾಟರಿ ಹಾಕುವ ಸ್ಟವ್ ಆದರೆ ಬ್ಯಾಟರಿ ಬದಲಿಸಿ ನೋಡಿ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಒರೆಸಿ ಪ್ರಯೋಜನವಿಲ್ಲ, ಹೊಸದು ಹಾಕಿಸಿ.

ಹಾಸನದ ಅಕ್ಕ: ನಮ್ಮದೂ ಟಿಕ್ ಟಿಕ್ ಅನ್ನುತ್ತದೆ, ಹತ್ತಲ್ಲ. ಏನು ಮಾಡೋದು ಸರ್?

ಸ್ಟವ್ ಮೆಕ್ಯಾನಿಕ್: ಈಗಷ್ಟೇ ಬರೆದಿದ್ದೇನೆ ಅಕ್ಕ, ಮೇಲೆ ಓದಿ.

ಅರಸೀಕೆರೆ ಸೊಸೆ: ಸರ್, ಎರಡು ತಿಂಗಳು ಊರಲ್ಲಿರಲಿಲ್ಲ. ಬಂದು ಹಚ್ಚಿದರೆ ಒಂದು ಬರ್ನರ್ ಮಾತ್ರ ಹಳದಿಯಾಗಿ ಉರಿಯುತ್ತದೆ, ಪಾತ್ರೆ ತಳ ಕಪ್ಪು. ನಿನ್ನೆ ಟಪ್ ಅಂತ ಶಬ್ದ ಬಂದು ಬೆಂಕಿ ಒಳಗೆ, ನಾಬ್ ಹತ್ತಿರವೇ ಉರಿಯಿತು! ಹೆದರಿ ಆಫ್ ಮಾಡಿದೆ.

ಸ್ಟವ್ ಮೆಕ್ಯಾನಿಕ್: ಆಫ್ ಮಾಡಿದ್ದು ಸರಿ. ಆ ಬರ್ನರ್ ಹಚ್ಚಲೇಬೇಡಿ. ಎರಡು ತಿಂಗಳು ಮುಚ್ಚಿದ ಮನೆ, ಒಂದೇ ಬರ್ನರ್ ಅಂದರೆ ನನ್ನ ಅನುಮಾನ ಜೇಡನ ಮೇಲೆ. ಬರ್ನರ್ ಕೆಳಗೆ ಒಂದು ಕೊಳವೆ ಇರುತ್ತದೆ. ಅದರ ಬಾಯಿಗೆ ಜೆಟ್, ಅಂದರೆ ಸೂಜಿ ತುದಿಯಷ್ಟು ತೂತಿನ ಹಿತ್ತಾಳೆ ತುಂಡು, ಗ್ಯಾಸ್ ಚಿಮ್ಮಿಸುತ್ತದೆ. ಆ ವೇಗಕ್ಕೆ ಪಕ್ಕದ ಗಾಳಿಯೂ ಒಳಗೆ ಎಳೆದುಕೊಂಡು ಹೋಗಿ ಎರಡೂ ಬೆರೆತು ಮೇಲೆ ನೀಲಿಯಾಗಿ ಉರಿಯುತ್ತವೆ. ಕೊಳವೆಯಲ್ಲಿ ಬಲೆ ಇದ್ದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಮಸಿ ಹಿಡಿಯುತ್ತದೆ. ಗ್ಯಾಸ್ ಮುಂದೆ ಹೋಗಲಾರದೆ ಹಿಂದಕ್ಕೆ ಬಂದು ಕೊಳವೆ ಬಾಯಲ್ಲೇ ಹತ್ತಿಕೊಳ್ಳುತ್ತದೆ. ಕೆಲವು ಸಲ ಕಡಜ ಮಣ್ಣಿನ ಗೂಡನ್ನೇ ಕಟ್ಟಿರುತ್ತದೆ, ನಾನೇ ಕೆರೆದು ತೆಗೆದಿದ್ದೇನೆ. ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ಎತ್ತಿ, ಬಾಟಲಿ ತೊಳೆಯುವ ಸಣ್ಣ ಬ್ರಷ್ ಕೊಳವೆಯೊಳಗೆ ಆಡಿಸಿ. ಜೆಟ್ ಮುಟ್ಟಬೇಡಿ. ಬರ್ನರ್ ಮತ್ತೆ ಇಡುವಾಗ ಅಲುಗಾಡದಂತೆ ಕೂರಬೇಕು. ವಾರೆ ಕೂತರೂ ಟಪ್ ಅನ್ನುತ್ತದೆ.

ಬೇಲೂರು ಹುಡುಗ: ಅಣ್ಣ ಬೇಲೂರಿಗೆ ಬರ್ತೀರಾ? ಚಾರ್ಜ್ ಎಷ್ಟು?

ಕೊಪ್ಪದ ಮೇಷ್ಟ್ರು: ಎಲ್ಲರಿಗೂ ಉಪಯೋಗ ಆಗಲಿ ಅಂತ, ಬೇರೆ ಗ್ರೂಪಿನಲ್ಲಿ ಬಂದದ್ದು. ನಾಬ್ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡಿ. ಉರಿ ಕಡಿಮೆಯಾದರೆ ಜೆಟ್ ತೂತನ್ನು ಪಿನ್ನಿನಿಂದ ಸ್ವಲ್ಪ ದೊಡ್ಡದು ಮಾಡಿ. ಗ್ಯಾಸ್ ಮುಗಿಯುವಾಗ ಸಿಲಿಂಡರ್ ಬಿಸಿನೀರಿನಲ್ಲಿಡಿ ಅಥವಾ ಮಲಗಿಸಿ, ಇನ್ನೂ ಎರಡು ದಿನ ಬರುತ್ತದೆ. ತಪ್ಪದೇ ಹಂಚಿಕೊಳ್ಳಿ.

ಸ್ಟವ್ ಮೆಕ್ಯಾನಿಕ್: ಮೇಷ್ಟ್ರೇ, ದಯವಿಟ್ಟು ಇದನ್ನು ಅಳಿಸಿ. ಎಣ್ಣೆ ಬಿಟ್ಟರೆ ನಾಬ್ ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ, ಗ್ಯಾಸ್ ತಡೆಯುವುದೇ ಆ ಗ್ರೀಸ್. ಜೆಟ್ ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ, ಗಾಳಿ ಮೊದಲಿನಷ್ಟೇ. ಮಸಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಸಿಲಿಂಡರ್ ಮಲಗಿಸಿದರೆ ಒಳಗಿನ ದ್ರವವೇ ರೆಗ್ಯುಲೇಟರ್‌ಗೆ ನುಗ್ಗಿ ಉರಿ ಆಳೆತ್ತರ ಏಳಬಹುದು. ಚಳಿಯಲ್ಲಿ, ಮುಗಿಯುವ ಸಿಲಿಂಡರಿನಲ್ಲಿ, ಉರಿ ಸಣ್ಣಗಾಗುವುದು ನಿಜ. ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯೂಟೇನ್ ಅಂತ ಎರಡು ಗ್ಯಾಸ್ ಬೆರೆತಿರುತ್ತವೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಆವಿಯಾಗುತ್ತದೆ, ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆಯಲ್ಲಿ. ಮೊದಲು ಪ್ರೊಪೇನ್ ಖಾಲಿಯಾಗುತ್ತಾ ಬಂದು ಕೊನೆಗೆ ಬ್ಯೂಟೇನ್ ಜಾಸ್ತಿ ಉಳಿದಿರುತ್ತದೆ, ಅದು ಚಳಿಗೆ ನಿಧಾನ. ಅದಕ್ಕೆ ಬಿಸಿನೀರು ಮದ್ದಲ್ಲ, ಹೊಸ ಸಿಲಿಂಡರ್ ಬುಕ್ ಮಾಡಿ.

ಕೊಪ್ಪದ ಮೇಷ್ಟ್ರು: ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಮಲಗಿಸುತ್ತೇವೆ, ಏನೂ ಆಗಿಲ್ಲ.

ಸ್ಟವ್ ಮೆಕ್ಯಾನಿಕ್: ಆಗುವ ದಿನ ನಿಮಗೆ ಹೇಳಿ ಬರುವುದಿಲ್ಲ ಸರ್.

ಸಕಲೇಶಪುರ ಅಣ್ಣ: ಇದೆಲ್ಲ ಯಾಕೆ, ಎಲ್ಲರೂ ಇಂಡಕ್ಷನ್ ತಗೊಳ್ಳಿ.

ಮೂಡಿಗೆರೆ ಮನೆ: ಕರೆಂಟ್ ನೀವು ಕಳಿಸಿಕೊಡ್ತೀರಾ? ಮರ ಬಿದ್ದು ಮೂರು ದಿನ ಆಯಿತು. ಅದರ ಮೇಲೆ ಅಕ್ಕಿರೊಟ್ಟಿ ಹೇಗೆ ಸುಡ್ತೀರಿ, ತೋರಿಸಿ ನೋಡೋಣ.

ಸಕಲೇಶಪುರ ಅಣ್ಣ: ಸಲಹೆ ಕೊಟ್ಟರೆ ಇಷ್ಟು ಸಿಟ್ಟು ಯಾಕಮ್ಮ? ಬೇಡದಿದ್ದರೆ ಬಿಡಿ.

ಹಾಸನದ ಅಕ್ಕ: ಸೌದೆ ಒಲೆಯೇ ಚೆನ್ನಾಗಿತ್ತು.

ಮೂಡಿಗೆರೆ ಮನೆ: ಈ ಮಳೆಯಲ್ಲಿ ಹಸಿ ಸೌದೆ ಊದಿ ನೋಡಿ, ಆಮೇಲೆ ಹೇಳಿ.

ಆಲ್ದೂರು ಮಗಳು: ಅಣ್ಣ, ನಾನು ಬೆಂಗಳೂರಿನಲ್ಲಿದ್ದೇನೆ. ಅಮ್ಮ ತೋಟದ ಮನೆಯಲ್ಲಿ ಒಬ್ಬರೇ. ದೊಡ್ಡ ಬರ್ನರ್ ಲೈಟರ್ ಹಿಡಿದರೂ ತಡವಾಗಿ ಹತ್ತುತ್ತದಂತೆ, ಹತ್ತುವಾಗ ಭುಗ್ ಅನ್ನುತ್ತದಂತೆ. ಮೊನ್ನೆ ಮುಂಗೈ ಕೂದಲು ಸುಟ್ಟಿದೆ. ನಾಬ್ ಬಿಗಿ. ಬೆಳಗ್ಗೆ ಅಡುಗೆಮನೆ ಬಾಗಿಲು ತೆಗೆದರೆ ಸ್ವಲ್ಪ ವಾಸನೆ ಅಂತ ಕೆಲಸದವಳು ಹೇಳುತ್ತಾಳೆ, ಅಮ್ಮನಿಗೆ ಗೊತ್ತಾಗಲ್ಲ. ಸಿಲಿಂಡರ್ ಕಟ್ಟೆ ಕೆಳಗೆ ಕಪಾಟಿನಲ್ಲಿದೆ. ಲೈಟರ್ ಬದಲಿಸಿದರೆ ಸಾಕಾ?

ಸ್ಟವ್ ಮೆಕ್ಯಾನಿಕ್: ಸಾಲದು. ಮೊದಲು ಅಮ್ಮನಿಗೆ ಫೋನ್ ಮಾಡಿ, ಆಮೇಲೆ ಓದಿ. ಒಲೆ ಹಚ್ಚಬಾರದು. ಲೈಟಿನ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು, ಫ್ರಿಡ್ಜಿನ ಪ್ಲಗ್ ಕೀಳಬಾರದು, ಅಷ್ಟು ಕಿಡಿಯೂ ಸಾಕು. ಬಾಗಿಲು ಕಿಟಕಿ ತೆಗೆಯಬೇಕು. ವಾಸನೆ ಜೋರಾಗಿಲ್ಲದಿದ್ದರೆ ಕೆಲಸದವರ ಕೈಲಿ ರೆಗ್ಯುಲೇಟರ್ ಆಫ್ ಮಾಡಿಸಿ, ಬಿಚ್ಚಿಸಿ, ಸಿಲಿಂಡರ್ ಬಾಯಿಗೆ ಕ್ಯಾಪ್ ಹಾಕಿಸಿ, ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಅಂಗಳಕ್ಕೆ ತರಿಸಿ. ಜೋರಾಗಿದ್ದರೆ ಎಲ್ಲರೂ ಹೊರಗೆ ಬಂದು 1906.

ಈಗ ನನ್ನ ಹೆದರಿಕೆ ಹೇಳುತ್ತೇನೆ. ಇಲ್ಲಿ ಎರಡು ತೊಂದರೆ ಇದೆ. ಭುಗ್ ಅನ್ನುವುದು ಬರ್ನರಿನದು. ಹಾಲು, ಗಂಜಿ ಉಕ್ಕಿ ತೂತುಗಳು ಕಟ್ಟಿರುತ್ತವೆ, ಕಿಡಿ ಹಿಡಿದ ಕಡೆ ಗ್ಯಾಸ್ ಬರುವುದಿಲ್ಲ, ಬೇರೆ ಕಡೆ ಬಂದದ್ದು ಗುಡ್ಡೆಯಾಗಿ ಒಮ್ಮೆಲೇ ಹತ್ತುತ್ತದೆ. ಇದಷ್ಟೇ ಆಗಿದ್ದರೆ ತೊಳೆದು ಒಣಗಿಸಿ ಅನ್ನುತ್ತಿದ್ದೆ. ಆದರೆ ಬೆಳಗಿನ ವಾಸನೆ ಅಂದರೆ ರಾತ್ರಿಯಿಡೀ ಎಲ್ಲಿಂದಲೋ ಸೋರುತ್ತಿದೆ. ನಾಬ್ ಬಿಗಿ ಅಂದಿದ್ದೀರಿ, ಅಲ್ಲಿ ಗ್ರೀಸ್ ಒಣಗಿರಬಹುದು. ಪೈಪ್ ಇರಬಹುದು, ಸಿಲಿಂಡರ್ ಬಾಯಿನ ವಾಷರ್ ಇರಬಹುದು. ಈ ಗ್ಯಾಸ್ ಗಾಳಿಗಿಂತ ಭಾರ, ಮೇಲಿನ ಕಿಟಕಿಯಿಂದ ಹೋಗುವುದಿಲ್ಲ, ಕಪಾಟಿನ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಅಮ್ಮನಿಗೆ ವಾಸನೆ ತಿಳಿಯುವುದಿಲ್ಲ ಅಂತ ಬರೆದಿರಲ್ಲ, ನನಗೆ ಅದೇ ಜಾಸ್ತಿ ಚಿಂತೆ. ವಯಸ್ಸಾದವರಿಗೆ ಮೂಗು ಮಂದವಾಗುತ್ತದೆ. ಸೋರಿಕೆ ತಿಳಿಯಲಿ ಅಂತಲೇ ಗ್ಯಾಸಿಗೆ ವಾಸನೆ ಬೆರೆಸುವುದು, ಅವರಿಗೆ ಆ ಎಚ್ಚರಿಕೆಯೇ ಇಲ್ಲ. ಪೈಪ್ ಹಾಕಿಸಿ ಎಷ್ಟು ವರ್ಷ ಆಯಿತು? ಐದು ದಾಟಿದ್ದರೆ ಬದಲಿಸಲೇಬೇಕು.

ಕೊಪ್ಪದ ಮೇಷ್ಟ್ರು: ಎಲ್ಲಿ ಸೋರುತ್ತದೆ ಅಂತ ಕಡ್ಡಿ ಗೀರಿ ಹಿಡಿದರೆ ತಕ್ಷಣ ಗೊತ್ತಾಗುತ್ತದೆ.

ಸ್ಟವ್ ಮೆಕ್ಯಾನಿಕ್: ಅಡ್ಮಿನ್, ಇದನ್ನು ಈಗಲೇ ತೆಗೆಯಿರಿ. ಅವರ ತಾಯಿ ಒಬ್ಬರೇ ಇರುವ ಮನೆ ಅದು. ಸೋರಿಕೆ ನೋಡುವುದು ಸೋಪಿನ ನೀರಿನಲ್ಲಿ, ಗುಳ್ಳೆ ಎದ್ದ ಕಡೆ ಸೋರುತ್ತಿದೆ ಅಂತ ಅರ್ಥ. ಬೆಂಕಿಯಲ್ಲಿ ಯಾವತ್ತೂ ಅಲ್ಲ.

ಕೊಪ್ಪದ ಮೇಷ್ಟ್ರು: ಹಿರಿಯರ ಜೊತೆ ಮಾತಾಡುವ ರೀತಿ ಕಲಿಯಿರಿ.

ಅರಸೀಕೆರೆ ಸೊಸೆ: ತಪ್ಪು ಹೇಳಿದರೆ ಯಾರಾದರೇನು ಸರ್? ಅಂದಹಾಗೆ ಮೆಕ್ಯಾನಿಕ್ ಸರ್, ಬ್ರಷ್ ಆಡಿಸಿದೆ, ಬಲೆಯೇ ಬಂತು! ಈಗ ನೀಲಿ ಉರಿ.

ಚಿಕ್ಕಮಗಳೂರು ಹೊಸ ಮನೆ: ನಮ್ಮದು ಹಾಬ್, ಅಂದರೆ ಕಟ್ಟೆಯಲ್ಲೇ ಕೂರಿಸಿದ ಒಲೆ. ಹತ್ತುತ್ತದೆ, ನಾಬ್‌ನಿಂದ ಕೈ ಬಿಟ್ಟರೆ ಆರುತ್ತದೆ.

ಸ್ಟವ್ ಮೆಕ್ಯಾನಿಕ್: ಹತ್ತಿದ ಮೇಲೂ ನಾಬ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಕ್ಕದ ಲೋಹದ ಕಡ್ಡಿ ಬಿಸಿಯಾದರೆ ಮಾತ್ರ ಗ್ಯಾಸ್ ಬಿಡುತ್ತದೆ. ಆಗಲೂ ಆರಿದರೆ ಆ ಕಡ್ಡಿ ಒರೆಸಿ, ಇಲ್ಲವೇ ಬದಲಿಸಿ.

ಕಡೂರು ಗೆಳೆಯ: ಟಿಕ್ ಟಿಕ್ ಅನ್ನುತ್ತದೆ, ಹತ್ತಲ್ಲ ಸರ್.

ಸ್ಟವ್ ಮೆಕ್ಯಾನಿಕ್: ಮೇಲೆ. ಆಲ್ದೂರಿನವರು ಎಲ್ಲಿ? ಅಮ್ಮ ಫೋನ್ ತೆಗೆದರಾ?

ಬೇಲೂರು ಹುಡುಗ: ಅಣ್ಣ, ಚಾರ್ಜ್ ಹೇಳಲೇ ಇಲ್ಲ.

ಆಲ್ದೂರು ಮಗಳು: ತೆಗೆದರು ಅಣ್ಣ. ಸಿಲಿಂಡರ್ ಅಂಗಳದಲ್ಲಿದೆ, ಅಮ್ಮ ಪಕ್ಕದ ಮನೆಯಲ್ಲಿದ್ದಾರೆ. ಏಜೆನ್ಸಿಯ ಹುಡುಗ ಬಂದು ನೋಡಿದ, ವಾಷರ್ ಹರಿದಿತ್ತಂತೆ, ಬದಲಿಸಿದ. ಪೈಪ್ ಏಳು ವರ್ಷದ್ದು. ಇನ್ನು ಒಲೆ ಹಚ್ಚಬಹುದಾ? ಅಮ್ಮ ಕಾಫಿ ಕಾಫಿ ಅನ್ನುತ್ತಿದ್ದಾರೆ.

ಸ್ಟವ್ ಮೆಕ್ಯಾನಿಕ್: ಬೇಡ. ವಾಷರ್ ಸರಿಯಾಯಿತು, ನಾಬ್ ನೋಡಿಲ್ಲ, ಪೈಪ್ ಹಳೆಯದೇ ಇದೆ. ಇವತ್ತು ಕಾಫಿ ಪಕ್ಕದ ಮನೆಯಲ್ಲೇ ಕುಡಿಯಲಿ. ನಾಳೆ ಬೆಳಗ್ಗೆ ಏಳಕ್ಕೆ ಪೈಪ್ ತಗೊಂಡು ನಾನೇ ಹೊರಡುತ್ತೇನೆ, ಮನೆಯ ದಾರಿ ಮೆಸೇಜ್ ಮಾಡಿ.